ಹಳೆಯ ನಾಣ್ಯಗಳ ನೈಜತೆಯ ಪರೀಕ್ಷೆ

ಹಳೆಯ ನಾಣ್ಯಗಳ ನೈಜತೆಯ ಪರೀಕ್ಷೆ ಎಂದರೆ ಒಂದು ನಾಣ್ಯವು ತಾನು ಯಾವ ಕಾಲದ್ದು, ಯಾವ ಆಡಳಿತದ್ದು ಎಂದು ತೋರುತ್ತದೆಯೋ ಆ ಕಾಲದಲ್ಲಿ, ಆ ಆಡಳಿತದ ಅಧಿಕಾರದಿಂದಲೇ ತಯಾರಾಗಿದೆಯೇ ಎಂಬುದನ್ನು ನಿರ್ಧರಿಸುವ ಕ್ರಮ. ಇದು ನಾಣ್ಯಶಾಸ್ತ್ರದ ಒಂದು ಮುಖ್ಯ ಅಂಗ. ವಸ್ತುಸಂಗ್ರಹಾಲಯಗಳು, ಸಂಗ್ರಾಹಕರು ಮತ್ತು ವ್ಯಾಪಾರಿಗಳಲ್ಲದೆ, ಹಿರಿಯರಿಂದ ನಾಣ್ಯಗಳನ್ನು ಪಡೆದ ಕುಟುಂಬಗಳಿಗೂ ಇದರ ಅಗತ್ಯ ಬೀಳುತ್ತದೆ. ಭಾರತದಲ್ಲಿ ಇಂತಹ ನಾಣ್ಯಗಳು ಸಾಮಾನ್ಯವಾಗಿ ದೇವರ ಪೆಟ್ಟಿಗೆಯಲ್ಲಿ, ಕಾಸಿನ ಸರದಲ್ಲಿ ಅಥವಾ ಹಳೆಯ ಸಂದೂಕಗಳಲ್ಲಿ ದೊರೆಯುತ್ತವೆ.

ನಾಣ್ಯವು ಹಲವು ತಲೆಮಾರುಗಳಿಂದ ಮನೆಯಲ್ಲಿತ್ತು ಎಂಬುದು ಅದರ ನೈಜತೆಗೆ ಪೂರ್ಣ ಪುರಾವೆಯಲ್ಲ. ಚಲಾವಣೆಯ ಕಾಲದಲ್ಲಿಯೇ ಖೋಟಾ ನಾಣ್ಯಗಳಿದ್ದವು. ಪೂಜೆಗೆಂದು ಮಾಡಿದ ಬಿಲ್ಲೆಗಳೂ ಅಕ್ಕಸಾಲಿಗರು ಒಡವೆಗೆಂದು ಮಾಡಿದ ಪ್ರತಿಗಳೂ ಅಸಲಿ ನಾಣ್ಯಗಳೊಂದಿಗೆ ಬೆರೆತು ಉಳಿದಿವೆ. ಆದುದರಿಂದ ಕುಟುಂಬದ ಮಾತು ನಿಜವಾಗಿದ್ದರೂ ನಾಣ್ಯ ಅಸಲಿಯಾಗಿರಬೇಕೆಂದಿಲ್ಲ.

ಹಿನ್ನೆಲೆ

ನಾಣ್ಯ ಪರೀಕ್ಷೆಯ ವೃತ್ತಿ ಭಾರತದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯಗಳನ್ನು ಪರೀಕ್ಷಿಸುವ ‘ರೂಪದರ್ಶಕ’ ಎಂಬ ಅಧಿಕಾರಿಯ ಉಲ್ಲೇಖವಿದೆ. ಕನ್ನಡ ನಾಡಿನಲ್ಲಿ ನಾಣ್ಯ ಮತ್ತು ಬೆಳ್ಳಿ ಬಂಗಾರಗಳನ್ನು ಪರೀಕ್ಷಿಸಿ ವ್ಯವಹರಿಸುವವರನ್ನು ಚಿನಿವಾರರೆಂದೂ, ನಾಣ್ಯ ಮುದ್ರಿಸುವ ಸ್ಥಳವನ್ನು ಕಮ್ಮಟ ಅಥವಾ ಟಂಕಸಾಲೆ ಎಂದೂ ಕರೆಯಲಾಗುತ್ತಿತ್ತು. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಕಾಣುವ ‘ಲೊಕ್ಕಿಗದ್ಯಾಣ’ ಎಂಬ ಹೆಸರು ಲಕ್ಕುಂಡಿಯ ಕಮ್ಮಟವನ್ನು ಸೂಚಿಸುತ್ತದೆ. ಸರಾಫರು ತಾವು ಪರೀಕ್ಷಿಸಿದ ರೂಪಾಯಿಗಳ ಮೇಲೆ ಸಣ್ಣ ಗುರುತನ್ನು ಒತ್ತುತ್ತಿದ್ದರು. ಹಳೆಯ ಬೆಳ್ಳಿ ನಾಣ್ಯಗಳಲ್ಲಿ ಕಾಣುವ ಇಂತಹ ಗುರುತು ಸಂಗ್ರಾಹಕರ ದೃಷ್ಟಿಯಲ್ಲಿ ದೋಷವೆನಿಸಿದರೂ, ನಾಣ್ಯವು ಚಲಾವಣೆಯಲ್ಲಿತ್ತು ಎಂಬುದಕ್ಕೆ ಒಂದು ಸೂಚನೆಯಾಗುತ್ತದೆ.

ಪ್ರಾಚೀನ ನಾಣ್ಯಗಳಿಗೆ ಸಂಗ್ರಾಹಕರಿಂದ ಬೇಡಿಕೆ ಹೆಚ್ಚಿದಂತೆ ಅವರನ್ನೇ ಗುರಿಯಾಗಿಸಿದ ನಕಲುಗಳೂ ಹೆಚ್ಚಿದವು. ಜರ್ಮನಿಯ ಕಾರ್ಲ್ ವಿಲ್‌ಹೆಲ್ಮ್ ಬೆಕರ್ (1772–1830) ತಾನೇ ಅಚ್ಚುಗಳನ್ನು ಕೆತ್ತಿ, ಗ್ರೀಕ್ ಮತ್ತು ರೋಮನ್ ನಾಣ್ಯಗಳ ನಕಲುಗಳನ್ನು ಮುದ್ರಿಸಿ ಕುಪ್ರಸಿದ್ಧನಾದನು.

ಅಸಲಿಯಲ್ಲದ ನಾಣ್ಯಗಳ ವಿಧಗಳು

ಅಸಲಿಯಲ್ಲದ ಎಲ್ಲ ನಾಣ್ಯಗಳೂ ಒಂದೇ ಬಗೆಯವಲ್ಲ. ಅವುಗಳನ್ನು ಹೀಗೆ ವಿಂಗಡಿಸಬಹುದು:

- ಸಮಕಾಲೀನ ಖೋಟಾ ನಾಣ್ಯ: ಚಲಾವಣೆಯ ಕಾಲದಲ್ಲಿಯೇ ಜನರನ್ನು ವಂಚಿಸಲು ಮಾಡಿದ್ದು. ಸಾಮಾನ್ಯವಾಗಿ ತಾಮ್ರದ ಅಥವಾ ಹಿತ್ತಾಳೆಯ ತಿರುಳಿಗೆ ಬೆಳ್ಳಿ ಅಥವಾ ಚಿನ್ನದ ಲೇಪವಿರುತ್ತದೆ. ಇದು ನಿಜಕ್ಕೂ ಹಳೆಯ ವಸ್ತು. ಆದರೆ ಸರ್ಕಾರಿ ನಾಣ್ಯವಲ್ಲ.
- ಅನುಕರಣೆ: ಒಂದು ಪ್ರದೇಶದ ಜನಪ್ರಿಯ ನಾಣ್ಯವನ್ನು ಬೇರೆಡೆ ಅನುಕರಿಸಿ ಮಾಡಿದ್ದು. ದಕ್ಷಿಣ ಭಾರತದಲ್ಲಿ ದೊರೆತ ಪ್ರಾಚೀನ ರೋಮನ್ ನಾಣ್ಯಗಳೊಂದಿಗೆ ಇಲ್ಲಿಯೇ ತಯಾರಾದ ಅನುಕರಣೆಗಳೂ ಸಿಕ್ಕಿವೆ. ಇವುಗಳಿಗೆ ಐತಿಹಾಸಿಕ ಮೌಲ್ಯವಿದೆ.
- ಮರುಮುದ್ರಣ: ಅಸಲಿ ಅಚ್ಚಿನಿಂದ ಟಂಕಸಾಲೆಯೇ ಅನಂತರದ ಕಾಲದಲ್ಲಿ ಮುದ್ರಿಸಿದ್ದು. ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳು ಬ್ರಿಟಿಷ್ ಭಾರತದ ಕೆಲವು ನಾಣ್ಯಗಳನ್ನು ಸಂಗ್ರಾಹಕರಿಗಾಗಿ ಹೀಗೆ ಮುದ್ರಿಸಿವೆ.
- ತಿದ್ದಿದ ನಾಣ್ಯ: ಅಸಲಿ ನಾಣ್ಯದ ವರ್ಷವನ್ನೋ ಟಂಕಸಾಲೆಯ ಗುರುತನ್ನೋ ಕೆತ್ತಿ, ಬೆಸೆದು ಅಥವಾ ಅಳಿಸಿ ವಿರಳ ನಾಣ್ಯವೆಂದು ತೋರಿಸುವುದು.
- ಆಧುನಿಕ ನಕಲಿ: ಸಂಗ್ರಾಹಕರನ್ನು ವಂಚಿಸಲು ಎರಕ ಹೊಯ್ದು ಅಥವಾ ಹೊಸ ಅಚ್ಚಿನಿಂದ ಒತ್ತಿ ಮಾಡಿದ್ದು.
- ಕಲ್ಪಿತ ನಾಣ್ಯ ಮತ್ತು ಬಿಲ್ಲೆ: ಯಾವ ಸರ್ಕಾರವೂ ಎಂದೂ ಹೊರಡಿಸದ ವಿನ್ಯಾಸವುಳ್ಳದ್ದು.

ಪರೀಕ್ಷೆಗೆ ಮುನ್ನ

ಹಳೆಯ ನಾಣ್ಯವನ್ನು ತೊಳೆದು ಬೆಳಗಿಸುವುದು ಅತ್ಯಂತ ಸಾಮಾನ್ಯವಾದ ಹಾಗೂ ಸರಿಪಡಿಸಲಾಗದ ತಪ್ಪು. ಹುಣಸೆಹಣ್ಣು, ನಿಂಬೆರಸ, ಬೂದಿ, ಪಾತ್ರೆ ತೊಳೆಯುವ ಪುಡಿ ಇವು ನಾಣ್ಯದ ಮೇಲ್ಮೈಯನ್ನು ಸವೆಸುತ್ತವೆ. ಬೆಳ್ಳಿಯ ಮೇಲಿನ ಕಪ್ಪು ಛಾಯೆ ಮತ್ತು ತಾಮ್ರದ ಮೇಲಿನ ಕಿಲುಬು ದೀರ್ಘಕಾಲದಲ್ಲಿ ಉಂಟಾಗುವ ಪದರಗಳಾಗಿದ್ದು, ತಜ್ಞರು ಕಾಲನಿರ್ಣಯಕ್ಕೆ ಅವನ್ನೂ ಗಮನಿಸುತ್ತಾರೆ. ಬೆಳಗಿಸಿದ ನಾಣ್ಯ ಅಸಲಿಯಾಗಿದ್ದರೂ ಸಂಗ್ರಾಹಕರಲ್ಲಿ ಅದರ ಬೆಲೆ ಕುಸಿಯುತ್ತದೆ.

ಒರೆಗಲ್ಲಿಗೆ ಉಜ್ಜುವುದು, ಆಮ್ಲ ಹಾಕುವುದು, ಅಂಚನ್ನು ಅರದಿಂದ ಉಜ್ಜಿ ನೋಡುವುದು ಲೋಹವನ್ನು ಗುರುತಿಸಲು ನೆರವಾದರೂ ನಾಣ್ಯಕ್ಕೆ ಹಾನಿ ಮಾಡುತ್ತವೆ. ಆದ್ದರಿಂದ ಹಾನಿ ಮಾಡದ ಪರೀಕ್ಷೆಗಳನ್ನು ಮೊದಲು ಮಾಡುವುದು ಸಾಮಾನ್ಯ ನಿಯಮ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಎರಡೂ ಮುಖಗಳ ಮತ್ತು ಅಂಚಿನ ಛಾಯಾಚಿತ್ರ ತೆಗೆದು, ಅದು ದೊರೆತ ಸ್ಥಿತಿಯನ್ನು ಬರೆದಿಡುವುದರಿಂದ ಪರೀಕ್ಷೆ ಆರಂಭವಾಗುತ್ತದೆ.

ಪರೀಕ್ಷೆಯ ಕ್ರಮ

ತೂಕ ಮತ್ತು ಅಳತೆ

ಪ್ರತಿಯೊಂದು ಸರ್ಕಾರಿ ನಾಣ್ಯಕ್ಕೂ ನಿಗದಿತ ತೂಕವಿರುತ್ತದೆ. ಕೆಲವು ಪ್ರಮಾಣಗಳು ಹೀಗಿವೆ:

- ಬ್ರಿಟಿಷ್ ಭಾರತದ ರೂಪಾಯಿ (1835ರಿಂದ 1939): 11.66 ಗ್ರಾಂ, ಸುಮಾರು 91.7% ಬೆಳ್ಳಿ
- ರೂಪಾಯಿ (1940ರಿಂದ 1945): 11.66 ಗ್ರಾಂ, 50% ಬೆಳ್ಳಿ
- ರೂಪಾಯಿ (1947): 11.66 ಗ್ರಾಂ, ನಿಕಲ್
- ವಿಜಯನಗರದ ವರಾಹ: ಸುಮಾರು 3.4 ಗ್ರಾಂ, ಚಿನ್ನ
- ಬ್ರಿಟಿಷ್ ಸವರನ್ (ಪವನು): 7.988 ಗ್ರಾಂ, 22.05 ಮಿ.ಮೀ. ವ್ಯಾಸ, 22 ಕ್ಯಾರೆಟ್ ಚಿನ್ನ

ಸವೆದ ನಾಣ್ಯದ ತೂಕ ಕಡಿಮೆಯಾಗುವುದು ಸಹಜ. ಆದರೆ ಸವೆತದಿಂದ ತೂಕ ಹೆಚ್ಚಾಗುವುದಿಲ್ಲ. ಆದ್ದರಿಂದ ನಿಗದಿತ ಪ್ರಮಾಣಕ್ಕಿಂತ ಸ್ಪಷ್ಟವಾಗಿ ಭಾರವಾಗಿರುವ ಯಂತ್ರಮುದ್ರಿತ ನಾಣ್ಯ ಸಂಶಯಾಸ್ಪದ. ಹಾಗೆಯೇ, ಚಿತ್ರವು ಸವೆಯದೆ ಚೂಪಾಗಿದ್ದೂ ತೂಕ ಬಹಳ ಕಡಿಮೆಯಿದ್ದರೆ ಲೋಹ ಬೇರೆಯಾಗಿರುವ ಸಾಧ್ಯತೆಯಿದೆ.

ಮೇಲ್ಮೈ ಮತ್ತು ಅಂಚು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಿಂದ ಹಲವು ನಕಲುಗಳನ್ನು ಗುರುತಿಸಬಹುದು. ಅಚ್ಚಿನ ಒತ್ತಡದಿಂದ ತಯಾರಾದ ನಾಣ್ಯದಲ್ಲಿ ಅಕ್ಷರಗಳ ಬದಿಗಳು ನೇರವಾಗಿಯೂ ಚೂಪಾಗಿಯೂ ಇರುತ್ತವೆ. ಎರಕ ಹೊಯ್ದ ನಕಲಿನಲ್ಲಿ ಅವು ಮೊಂಡಾಗಿರುತ್ತವೆ. ಗಾಳಿಗುಳ್ಳೆಗಳಿಂದಾದ ಸಣ್ಣ ಕುಳಿಗಳು ಕಾಣುತ್ತವೆ. ಎರಡು ಅರ್ಧ ಅಚ್ಚುಗಳು ಸೇರಿದ ಗೆರೆ ಅಂಚಿನ ಸುತ್ತ ಉಳಿದಿರುತ್ತದೆ ಅಥವಾ ಅದನ್ನು ಅರದಿಂದ ಉಜ್ಜಿದ ಗುರುತಿರುತ್ತದೆ. ಲೇಪ ಹಾಕಿದ ನಾಣ್ಯದಲ್ಲಿ ಎತ್ತರದ ಭಾಗಗಳು ಸವೆದಲ್ಲಿ ಒಳಗಿನ ಕೆಂಪು ಅಥವಾ ಹಳದಿ ಲೋಹ ಹೊರಗೆ ಕಾಣುತ್ತದೆ.

ಒಂದೇ ಸ್ಥಳದಲ್ಲಿ ಒಂದೇ ಬಗೆಯ ಗೀರು ಅಥವಾ ಪೆಟ್ಟಿನ ಗುರುತು ಎರಡು ನಾಣ್ಯಗಳಲ್ಲಿ ಕಂಡುಬಂದರೆ ಅದು ನಕಲಿಯ ಬಲವಾದ ಲಕ್ಷಣ. ಬಳಕೆಯಲ್ಲಿ ಆಗುವ ಗೀರುಗಳು ಪ್ರತಿ ನಾಣ್ಯದಲ್ಲೂ ಬೇರೆಯಾಗಿರುತ್ತವೆ. ಅವು ಪುನರಾವರ್ತನೆಯಾಗಬೇಕಾದರೆ ಒಂದು ನಾಣ್ಯದಿಂದ ಅಚ್ಚು ತೆಗೆದು ಉಳಿದವನ್ನು ಮಾಡಿರಬೇಕು. ಆದರೆ ಅಚ್ಚಿನಲ್ಲಿಯೇ ಬಿರುಕು ಬಿಟ್ಟಾಗ ಅಸಲಿ ನಾಣ್ಯಗಳಲ್ಲಿಯೂ ಒಂದೇ ಬಗೆಯ ಉಬ್ಬುಗೆರೆ ಮೂಡುತ್ತದೆ. ತಗ್ಗಾದ ಗೀರಿಗೂ ಈ ಉಬ್ಬುಗೆರೆಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು.

ಬರಹ ಮತ್ತು ವರ್ಷ

ರಾಜನ ಹೆಸರು, ಬಿರುದು, ವರ್ಷ, ಲೋಹ ಮತ್ತು ಅಂಚು ಪರಸ್ಪರ ಹೊಂದಬೇಕು. ಬ್ರಿಟಿಷ್ ಭಾರತದ ರೂಪಾಯಿಗಳಲ್ಲಿ ವಿಕ್ಟೋರಿಯಾಳ ಬಿರುದು ಮೊದಲು ‘ಕ್ವೀನ್’ ಎಂದಿದ್ದು, 1877ರಿಂದ ‘ಎಂಪ್ರೆಸ್’ ಎಂದಾಯಿತು. ಆದ್ದರಿಂದ ‘ಕ್ವೀನ್’ ಎಂಬ ಬರಹದೊಂದಿಗೆ 1885ರ ವರ್ಷವಿರುವ ರೂಪಾಯಿ ಅಸಲಿಯಾಗಲಾರದು. ಇದಕ್ಕೆ ವಿರುದ್ಧವಾಗಿ, 1862ರ ವರ್ಷವುಳ್ಳ ರೂಪಾಯಿಗಳು ಹೇರಳವಾಗಿ ದೊರೆಯುವುದು ಸಂಶಯಕ್ಕೆ ಕಾರಣವಲ್ಲ. ಆ ವರ್ಷವನ್ನು ಬದಲಾಯಿಸದೆ ಮುಂದಿನ ಹಲವು ವರ್ಷಗಳವರೆಗೂ ಮುದ್ರಣ ನಡೆದಿತ್ತು.

ಸಾಂದ್ರತೆ

ಆರ್ಕಿಮಿಡೀಸ್ ತತ್ತ್ವವನ್ನು ಬಳಸಿ ನಾಣ್ಯಕ್ಕೆ ಹಾನಿಯಾಗದಂತೆ ಲೋಹವನ್ನು ಅಂದಾಜಿಸಬಹುದು. ನಾಣ್ಯವನ್ನು ಮೊದಲು ಗಾಳಿಯಲ್ಲಿ ತೂಗಿ, ಅನಂತರ ತೆಳುವಾದ ದಾರದಲ್ಲಿ ನೀರಿನೊಳಗೆ ತೂಗುಬಿಟ್ಟು ತೂಗಲಾಗುತ್ತದೆ. ಗಾಳಿಯಲ್ಲಿನ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಉದಾಹರಣೆಗೆ 11.60 ಗ್ರಾಂ ತೂಗುವ ರೂಪಾಯಿಯು ನೀರಿನಲ್ಲಿ 1.12 ಗ್ರಾಂ ಕಡಿಮೆಯಾದರೆ ಅದರ ಸಾಂದ್ರತೆ ಸುಮಾರು 10.4. ಇದು 91.7% ಬೆಳ್ಳಿಯ ಮಿಶ್ರಲೋಹದ ಸಾಂದ್ರತೆಗೆ (ಸುಮಾರು 10.3) ಹೊಂದುತ್ತದೆ. 50% ಬೆಳ್ಳಿಯ ರೂಪಾಯಿಯ ಸಾಂದ್ರತೆ ಸುಮಾರು 9.5, ಹಿತ್ತಾಳೆಯದು ಸುಮಾರು 8.5, ತಾಮ್ರದ್ದು 8.96, 22 ಕ್ಯಾರೆಟ್ ಚಿನ್ನದ್ದು ಸುಮಾರು 17.7.

ಈ ವಿಧಾನಕ್ಕೆ ಮಿತಿಗಳಿವೆ. ಸೀಸ ಮತ್ತು ತವರವನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಬೆಳ್ಳಿಯ ಸಾಂದ್ರತೆಗೆ ಹತ್ತಿರ ಬರಬಹುದು. ಅಲ್ಲದೆ ಸಣ್ಣ ನಾಣ್ಯಗಳಿಗೆ ಸಾಮಾನ್ಯ ತಕ್ಕಡಿ ಸಾಲದು. ಸುಮಾರು 0.35 ಗ್ರಾಂ ತೂಗುವ ಚಿನ್ನದ ‘ಹಣ’ವು ನೀರಿನಲ್ಲಿ ಕಳೆದುಕೊಳ್ಳುವುದು ಕೇವಲ 0.02 ಗ್ರಾಂ. 0.01 ಗ್ರಾಂವರೆಗೆ ಮಾತ್ರ ಅಳೆಯುವ ತಕ್ಕಡಿಯಲ್ಲಿ ಇದರ ಫಲಿತಾಂಶ ನಂಬಲರ್ಹವಲ್ಲ.

ಅಯಸ್ಕಾಂತ

ಚಿನ್ನ, ಬೆಳ್ಳಿ, ತಾಮ್ರಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಈ ಲೋಹಗಳದ್ದೆನ್ನಲಾದ ನಾಣ್ಯ ಅಂಟಿದರೆ ಒಳಗೆ ಕಬ್ಬಿಣ ಅಥವಾ ನಿಕಲ್ ಇದೆ ಎಂದರ್ಥ. ಆದರೆ ಹಿತ್ತಾಳೆ ಮತ್ತು ಸೀಸವೂ ಅಂಟುವುದಿಲ್ಲವಾದ್ದರಿಂದ, ಅಂಟದಿರುವುದು ನೈಜತೆಯ ಪುರಾವೆಯಾಗದು. 1947ರ ರೂಪಾಯಿಗಳು ನಿಕಲ್‌ನಿಂದ ಮಾಡಿದವುಗಳಾದ್ದರಿಂದ ಅಸಲಿಯವೇ ಅಂಟುತ್ತವೆ.

ಪ್ರಯೋಗಾಲಯದ ಪರೀಕ್ಷೆ

ಕ್ಷ-ಕಿರಣ ಪ್ರತಿದೀಪ್ತಿ ಯಂತ್ರವು ನಾಣ್ಯವನ್ನು ಕೆಡಿಸದೆ ಲೋಹಗಳ ಪ್ರಮಾಣವನ್ನು ತಿಳಿಸುತ್ತದೆ. ಚಿನ್ನದ ಶುದ್ಧತೆ ನೋಡುವ ಕೇಂದ್ರಗಳಲ್ಲಿಯೂ ಇದು ಲಭ್ಯ. ಆದರೆ ಇದು ಮೇಲ್ಪದರವನ್ನಷ್ಟೇ ಓದುವುದರಿಂದ ದಪ್ಪ ಲೇಪವಿದ್ದರೆ ಮೋಸಹೋಗಬಹುದು. ಇದರೊಂದಿಗೆ ಸಾಂದ್ರತೆಯನ್ನೂ ನೋಡುವುದು ಉತ್ತಮ. ಲೋಹ ಶುದ್ಧವೆಂದು ತಿಳಿಸುವ ಪ್ರಮಾಣಪತ್ರವು ನಾಣ್ಯ ಅಸಲಿಯೆಂದು ಹೇಳುವ ಪ್ರಮಾಣಪತ್ರವಲ್ಲ.

ಕರ್ನಾಟಕದ ಮನೆಗಳಲ್ಲಿ ಕಂಡುಬರುವ ನಾಣ್ಯಗಳು

ವರಾಹ

ವಿಜಯನಗರದ ಅರಸರು ವರಾಹ, ಅರ್ಧ ವರಾಹ ಮೊದಲಾದ ಚಿನ್ನದ ನಾಣ್ಯಗಳನ್ನು ಹೊರಡಿಸಿದರು. ಕೃಷ್ಣದೇವರಾಯನ (1509–1529) ನಾಣ್ಯಗಳಲ್ಲಿ ಬಾಲಕೃಷ್ಣನ ಚಿತ್ರವೂ ಹಿಂಬದಿಯಲ್ಲಿ ‘ಶ್ರೀ ಪ್ರತಾಪ ಕೃಷ್ಣರಾಯ’ ಎಂಬ ನಾಗರಿ ಬರಹವೂ ಇವೆ. ಅಚ್ಯುತರಾಯನ ನಾಣ್ಯಗಳಲ್ಲಿ ಗಂಡಭೇರುಂಡವಿದೆ. ಕೈಯಿಂದ ಒತ್ತಿದ ನಾಣ್ಯಗಳಾದ್ದರಿಂದ ಚಿತ್ರ ಪಕ್ಕಕ್ಕೆ ಸರಿದಿರುವುದು, ಅಕ್ಷರಗಳು ಅಂಚಿನಲ್ಲಿ ತುಂಡಾಗಿರುವುದು ಸಹಜ.

ಶಿವಪಾರ್ವತಿಯರ ಚಿತ್ರವಿರುವ ವರಾಹಗಳಲ್ಲಿ ಗೊಂದಲ ಹೆಚ್ಚು. ಇಕ್ಕೇರಿ ನಾಯಕರ ಈ ವಿನ್ಯಾಸವನ್ನು ಹೈದರ್ ಅಲಿಯೂ, ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರೂ ಮುಂದುವರಿಸಿದರು. ಮುಂಬದಿ ಒಂದೇ ಬಗೆಯದಾದ್ದರಿಂದ ಹಿಂಬದಿಯೇ ನಿರ್ಣಾಯಕ: ಇಕ್ಕೇರಿಯದರಲ್ಲಿ ‘ಶ್ರೀ ಸದಾಶಿವ’ ಎಂಬ ಬರಹ, ಹೈದರನದರಲ್ಲಿ ಅವನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ, ಒಡೆಯರದರಲ್ಲಿ ‘ಶ್ರೀ ಕೃಷ್ಣರಾಜ’ ಎಂಬ ಬರಹ ಇರುತ್ತದೆ.

ಟಿಪ್ಪು ಸುಲ್ತಾನನ ನಾಣ್ಯಗಳು

ಆನೆಯ ಚಿತ್ರವುಳ್ಳ ಟಿಪ್ಪುವಿನ ತಾಮ್ರದ ನಾಣ್ಯಗಳು ಪ್ರಸಿದ್ಧವಾಗಿವೆ. ಟಿಪ್ಪು ಹಿಜರಿ ಶಕದ ಬದಲಿಗೆ ‘ಮೌಲೂದಿ’ ಶಕವನ್ನು ಜಾರಿಗೆ ತಂದ ಬಳಿಕ ನಾಣ್ಯಗಳಲ್ಲಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. ಈ ವಿಷಯ ತಿಳಿಯದವರು ಅಸಲಿ ನಾಣ್ಯದ ವರ್ಷವನ್ನೇ ತಪ್ಪೆಂದು ಭಾವಿಸುವುದುಂಟು.

ರಾಮಟಂಕ ಮತ್ತು ‘ಕಂಪನಿ ಆಣೆ’

ಶ್ರೀರಾಮ ಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ಪೂಜೆಗಾಗಿ ಮಾಡಿದ ಬಿಲ್ಲೆಗಳು. ಇವು ಚಲಾವಣೆಯ ಹಣವಲ್ಲ. ಹಳೆಯ ಚಿನ್ನದ ಅಥವಾ ಬೆಳ್ಳಿಯ ರಾಮಟಂಕಗಳಿಗೆ ಕಲೆಯ ಹಾಗೂ ಲೋಹದ ಮೌಲ್ಯವಿದೆ. ಹಿತ್ತಾಳೆಯ ಹೊಸ ಬಿಲ್ಲೆಗಳೂ ಅಪಾರ ಸಂಖ್ಯೆಯಲ್ಲಿವೆ.

ಒಂದು ಬದಿಯಲ್ಲಿ ರಾಮ, ಹನುಮಂತ ಅಥವಾ ಲಕ್ಷ್ಮಿಯ ಚಿತ್ರ, ಇನ್ನೊಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ’, ಆಣೆಯ ಮೌಲ್ಯ ಮತ್ತು 1818ರ ವರ್ಷ ಇರುವ ಬಿಲ್ಲೆಗಳು ಕಲ್ಪಿತ ನಾಣ್ಯಗಳಿಗೆ ಉತ್ತಮ ಉದಾಹರಣೆ. ಕಂಪನಿಯು ಇಂತಹ ನಾಣ್ಯಗಳನ್ನು ಹೊರಡಿಸಿರಲಿಲ್ಲ. ಕಂಪನಿಯ ಮದರಾಸು ಕಮ್ಮಟದ ಕೆಲವು ವರಾಹಗಳಲ್ಲಿ ದೇವತೆಗಳ ಚಿತ್ರವಿದ್ದುದು ನಿಜ. ಆದರೆ ಅವುಗಳ ಲೋಹ, ಗಾತ್ರ ಮತ್ತು ಬರಹ ಸಂಪೂರ್ಣ ಬೇರೆ.

ಸವರನ್

ಕಾಸಿನ ಸರಗಳಲ್ಲಿ ಅಸಲಿ ಸವರನ್‌ಗಳೂ ಅಕ್ಕಸಾಲಿಗರ ಪ್ರತಿಗಳೂ ಕಂಡುಬರುತ್ತವೆ. ಪ್ರತಿಗಳಲ್ಲಿಯೂ ಚಿನ್ನ ಶುದ್ಧವಾಗಿರಬಹುದು. ಆಗ ಚಿನ್ನ ಅಸಲಿ, ನಾಣ್ಯ ನಕಲಿ ಎಂಬ ಸ್ಥಿತಿ ಉಂಟಾಗುತ್ತದೆ. ಮುಂಬಯಿಯಲ್ಲಿದ್ದ ರಾಯಲ್ ಮಿಂಟ್ ಶಾಖೆಯು 1918ರಲ್ಲಿ ಮಾತ್ರ ಸವರನ್ ಮುದ್ರಿಸಿತು. ಇವುಗಳಲ್ಲಿ ‘ಐ’ ಎಂಬ ಇಂಗ್ಲಿಷ್ ಅಕ್ಷರದ ಗುರುತಿದೆ. ಇದೇ ಗುರುತು ಬೇರೆ ವರ್ಷದೊಂದಿಗೆ ಕಂಡುಬಂದರೆ ಅದು ಅಸಲಿಯಲ್ಲ. ಕೊಂಡಿ ಬೆಸೆದ ಗುರುತು ನಾಣ್ಯದ ಬೆಲೆಯನ್ನು ಕುಗ್ಗಿಸುತ್ತದೆ.

1939ರ ರೂಪಾಯಿ

ಆರನೆಯ ಜಾರ್ಜ್‌ನ ಚಿತ್ರವಿರುವ 1939ರ ಬೆಳ್ಳಿ ರೂಪಾಯಿ ಬ್ರಿಟಿಷ್ ಭಾರತದ ವಿರಳ ನಾಣ್ಯಗಳಲ್ಲೊಂದು. 1938ರ ರೂಪಾಯಿ ಸುಲಭವಾಗಿ ದೊರೆಯುವುದರಿಂದ ಅದರ ‘8’ ಅನ್ನು ‘9’ ಆಗಿ ತಿದ್ದುವುದುಂಟು. ಇಂತಹ ನಾಣ್ಯವು ತೂಕ, ಸಾಂದ್ರತೆ, ಅಂಚು ಎಲ್ಲ ಪರೀಕ್ಷೆಗಳಲ್ಲೂ ಉತ್ತೀರ್ಣವಾಗುತ್ತದೆ, ಏಕೆಂದರೆ ಅದು ಅಸಲಿ ನಾಣ್ಯವೇ. ಕೊನೆಯ ಅಂಕಿಯ ಆಕಾರವನ್ನೂ ಅದರ ಸುತ್ತಲಿನ ಮೇಲ್ಮೈಯನ್ನೂ ಖಚಿತವಾದ ಅಸಲಿ ನಾಣ್ಯದೊಂದಿಗೆ ಹೋಲಿಸಿ ನೋಡುವುದರಿಂದ ಮಾತ್ರ ತಿದ್ದುಪಡಿ ಗೊತ್ತಾಗುತ್ತದೆ.

ನೈಜತೆ, ವಿರಳತೆ ಮತ್ತು ಬೆಲೆ

ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಅಸಲಿ ನಾಣ್ಯಗಳಲ್ಲಿ ಬಹುಪಾಲು ವಿರಳವಲ್ಲ. ಹಳೆಯದಾದ ಮಾತ್ರಕ್ಕೆ ಬೆಲೆ ಹೆಚ್ಚುವುದಿಲ್ಲ. ಐದನೆಯ ಜಾರ್ಜ್‌ನ 1911ರ ರೂಪಾಯಿಯಲ್ಲಿ ಅರಸನ ಉಡುಪಿನ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂಬ ಆಕ್ಷೇಪ ಎದ್ದಿದ್ದರಿಂದ ಮುದ್ರಿಸಿದವುಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಿಂದ ಚಿತ್ರವನ್ನು ತಿದ್ದಲಾಯಿತು. ಈ ‘ಹಂದಿ ರೂಪಾಯಿ’ಗೆ ಬೇಡಿಕೆಯಿದೆ. ಆದರೆ ಅದರ ಹಿಂದಿನ ಮುಂದಿನ ವರ್ಷಗಳ ಸವೆದ ರೂಪಾಯಿಗಳು ಅಸಲಿಯಾಗಿದ್ದರೂ ಅವುಗಳ ಬೆಲೆ ಬಹುತೇಕ ಬೆಳ್ಳಿಯ ಬೆಲೆಗೆ ಸಮೀಪವಾಗಿಯೇ ಇರುತ್ತದೆ.

ಕುಟುಂಬದ ದಾಖಲೆಗಳು

ನಾಣ್ಯ ಯಾರಿಂದ, ಯಾವಾಗ ಬಂದಿತೆಂಬ ಮಾಹಿತಿಗೆ ನಾಣ್ಯಶಾಸ್ತ್ರದಲ್ಲಿ ಮಹತ್ವವಿದೆ. ವಿಭಾಗಪತ್ರ, ಉಯಿಲು, ಹಳೆಯ ರಸೀದಿ, ಒಡವೆಗಳ ಪಟ್ಟಿ, ಒಡವೆ ತೊಟ್ಟ ಹಿರಿಯರ ಛಾಯಾಚಿತ್ರ ಇವು ನಾಣ್ಯವು ಇಂತಹ ಕಾಲದಲ್ಲಿ ಇತ್ತೆಂಬುದನ್ನು ತೋರಿಸಬಲ್ಲವು. ಆಧುನಿಕ ನಕಲಿಯ ಸಾಧ್ಯತೆಯನ್ನು ತಳ್ಳಿಹಾಕಲು ಇಷ್ಟು ಸಾಕಾಗಬಹುದು. ಸಮಕಾಲೀನ ಖೋಟಾ ನಾಣ್ಯದ ಸಾಧ್ಯತೆ ಮಾತ್ರ ಉಳಿಯುತ್ತದೆ. ನಾಣ್ಯಗಳು ಒಟ್ಟಾಗಿ ಒಂದೇ ಗಂಟಿನಲ್ಲಿ ದೊರೆತಿದ್ದರೆ ಅವುಗಳನ್ನು ಬೇರ್ಪಡಿಸುವ ಮೊದಲು ಪಟ್ಟಿ ಮಾಡುವುದು ಅಗತ್ಯ. ಹಂಚಿಕೆಯಾದ ಮೇಲೆ ಆ ಸಂಬಂಧ ಕಳೆದುಹೋಗುತ್ತದೆ.

ತಜ್ಞರ ಅಭಿಪ್ರಾಯ

ಅಂತಿಮ ನಿರ್ಣಯವು ಖಚಿತವಾದ ಅಸಲಿ ನಾಣ್ಯಗಳೊಂದಿಗಿನ ಹೋಲಿಕೆಯನ್ನು ಅವಲಂಬಿಸುತ್ತದೆ. ಭಾರತದಲ್ಲಿ 1910ರಲ್ಲಿ ಸ್ಥಾಪನೆಯಾದ ಭಾರತೀಯ ನಾಣ್ಯಶಾಸ್ತ್ರ ಸಂಘ ಮತ್ತು ನಾಸಿಕ್ ಬಳಿಯ ಅಂಜನೇರಿಯಲ್ಲಿರುವ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳು. ಕರ್ನಾಟಕದ ನಾಣ್ಯಗಳನ್ನು ಕುರಿತು ಇತಿಹಾಸಕಾರ ಎ. ವಿ. ನರಸಿಂಹಮೂರ್ತಿಯವರ ಅಧ್ಯಯನ ಆಕರವೆನಿಸಿದೆ. ಅಮೆರಿಕದ ಪಿ.ಸಿ.ಜಿ.ಎಸ್. ಮತ್ತು ಎನ್.ಜಿ.ಸಿ. ಸಂಸ್ಥೆಗಳು ಶುಲ್ಕ ಪಡೆದು ನಾಣ್ಯಗಳನ್ನು ಪರೀಕ್ಷಿಸಿ, 1ರಿಂದ 70ರವರೆಗಿನ ಶೆಲ್ಡನ್ ಮಾಪನದಲ್ಲಿ ದರ್ಜೆ ನೀಡಿ, ಮುಚ್ಚಿದ ಪಾರದರ್ಶಕ ಕವಚದಲ್ಲಿ ಇಡುತ್ತವೆ. ಇಂತಹ ಕವಚಗಳನ್ನೂ ನಕಲು ಮಾಡುವುದುಂಟು. ನಾಣ್ಯವನ್ನು ಕೊಳ್ಳಬಯಸುವವರೇ ಅದರ ನೈಜತೆಯನ್ನು ಹೇಳುವಾಗ ಹಿತಾಸಕ್ತಿಯ ಸಂಘರ್ಷವಿರುತ್ತದೆ. ಆದ್ದರಿಂದ ಕೊಳ್ಳುವಿಕೆಗೆ ಸಂಬಂಧಪಡದವರ ಅಭಿಪ್ರಾಯಕ್ಕೆ ಹೆಚ್ಚು ಬೆಲೆಯಿದೆ.

ಕಾನೂನು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕಿಂತ ಕಡಿಮೆಯಿಲ್ಲದ ನಾಣ್ಯವು ಪ್ರಾಚ್ಯವಸ್ತು. ಅದನ್ನು ಖಾಸಗಿ ವ್ಯಕ್ತಿಗಳು ವಿದೇಶಕ್ಕೆ ಸಾಗಿಸುವಂತಿಲ್ಲ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶದಲ್ಲಿ ನೆಲೆಸಿದವರು ಊರಿನ ಮನೆಯಿಂದ ಪಾಲಾಗಿ ಬಂದ ನಾಣ್ಯಗಳನ್ನು ಕೊಂಡೊಯ್ಯುವಾಗಲೂ ಈ ನಿಯಮ ಅನ್ವಯಿಸುತ್ತದೆ. ನೆಲದಲ್ಲಿ ಹೂತಿದ್ದು ದೊರೆತ ನಾಣ್ಯಗಳು ಪಿತ್ರಾರ್ಜಿತ ಸ್ವತ್ತಿಗಿಂತ ಭಿನ್ನ. ಅವುಗಳಿಗೆ 1878ರ ಭಾರತೀಯ ನಿಧಿ ಕಾಯ್ದೆ, ಕರ್ನಾಟಕದಲ್ಲಿ 1962ರ ರಾಜ್ಯ ನಿಧಿ ಕಾಯ್ದೆ ಅನ್ವಯಿಸುತ್ತವೆ. ದೊರೆತವರು ಅಧಿಕಾರಿಗಳಿಗೆ ತಿಳಿಸಬೇಕು. ನಕಲಿಯೆಂದು ತಿಳಿದೂ ಅಸಲಿಯೆಂದು ಮಾರುವುದು ವಂಚನೆಯಾಗುತ್ತದೆ.

ವಂಚನೆಗಳು

ಹಳೆಯ ನಾಣ್ಯವಿರುವ ಕುಟುಂಬಗಳನ್ನು ಗುರಿಯಾಗಿಸಿ ಹಲವು ಬಗೆಯ ವಂಚನೆಗಳು ನಡೆಯುತ್ತವೆ. ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಕೊಡುವುದಾಗಿ ನಂಬಿಸಿ, ನೋಂದಣಿ, ಕಮಿಷನ್ ಅಥವಾ ತೆರಿಗೆಯ ಹೆಸರಿನಲ್ಲಿ ಮುಂಗಡ ಹಣ ಪಡೆಯುವುದು ಒಂದು ಬಗೆ. ಇದಕ್ಕಾಗಿ ತನ್ನ ಹೆಸರು ಮತ್ತು ಚಿಹ್ನೆಯನ್ನು ದುರ್ಬಳಕೆ ಮಾಡಲಾಗುತ್ತಿದೆಯೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಬ್ಯಾಂಕು ಇಂತಹ ವ್ಯವಹಾರ ನಡೆಸುವುದಿಲ್ಲ ಮತ್ತು ಅದಕ್ಕಾಗಿ ಯಾರಿಗೂ ಅಧಿಕಾರ ನೀಡಿಲ್ಲ ಎಂದು ತಿಳಿಸಿತು.

‘ರೈಸ್ ಪುಲ್ಲಿಂಗ್’ ಎಂಬುದು ಮತ್ತೊಂದು ಬಗೆ. ತಾಮ್ರದ ಹಳೆಯ ನಾಣ್ಯ ಅಥವಾ ಪಾತ್ರೆ ಅಕ್ಕಿಕಾಳುಗಳನ್ನು ತನ್ನೆಡೆಗೆ ಸೆಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ಕೋಟ್ಯಂತರ ರೂಪಾಯಿ ಬೆಲೆ ಬಾಳುತ್ತದೆ ಎಂದು ನಂಬಿಸಿ ‘ಪರೀಕ್ಷಾ ವೆಚ್ಚ’ಕ್ಕೆ ಹಣ ಪಡೆಯಲಾಗುತ್ತದೆ. ಯಾವ ನಾಣ್ಯಕ್ಕೂ ಇಂತಹ ಗುಣವಿಲ್ಲ. ನೈಜತೆಯ ಪರೀಕ್ಷೆಯಲ್ಲಿ ಅಕ್ಕಿಗೆ ಯಾವ ಸ್ಥಾನವೂ ಇಲ್ಲ.

ಇವನ್ನೂ ನೋಡಿ

- ನಾಣ್ಯಶಾಸ್ತ್ರ
- ವಿಜಯನಗರದ ನಾಣ್ಯಗಳು
- ಟಂಕಸಾಲೆ
- ಆರ್ಕಿಮಿಡೀಸ್ ತತ್ತ್ವ
- ಭಾರತೀಯ ರೂಪಾಯಿ